ಇಂಪ್ಲಾಂಟ್ ಇಟ್ಟ ಎದೆಗೆ ಸೋಂಕು ತಗುಲಿದರೆ: ಅಪಾಯ ಜಾಸ್ತಿ ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಅದೇ ಜಾಗದಲ್ಲಿ ಇಂಪ್ಲಾಂಟ್ (ಸ್ತನದ ಆಕಾರ ಕೊಡಲು ಒಳಗೆ ಇಡುವ ಸಿಲಿಕೋನ್ ಚೀಲ) ಇಡಿಸಿಕೊಂಡು ಮನೆಗೆ ಬಂದವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದಾರೆ. ಎದೆ ಸ್ವಲ್ಪ ಕೆಂಪಾಗುತ್ತದೆ, ಮೈ ಬೆಚ್ಚಗಿರುತ್ತದೆ. ಮೊದಲು ಒಂದು ಪ್ಯಾರಾಸಿಟಮಾಲ್. ಆಮೇಲೆ ಬಿಲ್ಡಿಂಗ್ ಕೆಳಗಿನ ಮೆಡಿಕಲ್ ಶಾಪಿನಿಂದ ಹಳೇ ಚೀಟಿಯ ಆಂಟಿಬಯಾಟಿಕ್. ಆಮೇಲೆ "ಎರಡು ದಿನ ನೋಡೋಣ". ನಾಲ್ಕನೇ ದಿನ ಸರ್ಜನ್‌ಗೆ ಫೋನು. ಅಷ್ಟು ಹೊತ್ತಿಗೆ ಒಳಗೆ ಕೀವು ಸೇರಿರುತ್ತದೆ, ಅರ್ಧಂಬರ್ಧ ಔಷಧ ಹೋಗಿರುವುದರಿಂದ ಕಲ್ಚರ್‌ನಲ್ಲಿ (ಸ್ಯಾಂಪಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ಯಾವ ಬ್ಯಾಕ್ಟೀರಿಯಾ ಅಂತಲೂ ಸಿಗುವುದಿಲ್ಲ.

ನಾನು ಮುಂಬೈಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಡೊಂಬಿವಲಿ, ಥಾಣೆ, ನೆರೂಳ್ ಕಡೆಯ ಕನ್ನಡದ ಮನೆಗಳಿಂದ ಬರುವ ಫೋನುಗಳಲ್ಲಿ ಕೇಳುವುದು ಇದೇ ಕಥೆ. ಔಷಧ ಸಿಗದೆ ತೊಂದರೆ ಆಗುವುದು ಅಪರೂಪ. ಕ್ರಮ ತಪ್ಪಿ ತೊಂದರೆ ಆಗುತ್ತದೆ. ಫೋನು ಮೊದಲು, ಪರೀಕ್ಷೆ ಮತ್ತು ಸ್ಯಾಂಪಲ್ ಎರಡನೆಯದು, ಆಂಟಿಬಯಾಟಿಕ್ ಮೂರನೆಯದು. ಕೆಳಗಿರುವುದೆಲ್ಲ ಇದರ ವಿವರ. ಯಾವ ಔಷಧ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಅದನ್ನು ಇಲ್ಲಿ ಬರೆಯುವುದಿಲ್ಲ.

ಯಾರಿಗೆ ಅಪಾಯ ಜಾಸ್ತಿ

ಶುಗರ್ ಇರುವವರು. ತೂಕ ಜಾಸ್ತಿ ಇರುವವರು, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 30 ದಾಟಿದವರು. ತಂಬಾಕನ್ನು ಯಾವ ರೂಪದಲ್ಲಾದರೂ ಬಳಸುವವರು. ಎದೆಗೆ ಮೊದಲೇ ರೇಡಿಯೇಷನ್ ಆದವರು, ಅಥವಾ ಮುಂದೆ ಆಗಲಿರುವವರು. ಕೀಮೋ ನಡೆಯುತ್ತಿರುವವರು. ಸಂಧಿವಾತಕ್ಕೋ ಆಸ್ತಮಾಕ್ಕೋ ಸ್ಟಿರಾಯ್ಡ್ ಮಾತ್ರೆ ನುಂಗುವವರು. ಆಪರೇಷನ್ ಆದಮೇಲೆ ಹೊಲಿಗೆಯ ಅಂಚಿನ ಚರ್ಮ ಕಪ್ಪಾದವರು, ಒಳಗೆ ನೀರು ತುಂಬಿಕೊಂಡವರು. ಇವುಗಳಲ್ಲಿ ಎರಡು ಮೂರು ಒಬ್ಬರಲ್ಲೇ ಸೇರಿದರೆ ಅಪಾಯವೂ ಹಾಗೇ ಕೂಡುತ್ತಾ ಹೋಗುತ್ತದೆ. ಅಂಥವರಿಗೆ "ನಾಳೆ ನೋಡೋಣ" ಅನ್ನುವ ಅವಕಾಶವೇ ಇಲ್ಲ.

ಇಂಪ್ಲಾಂಟ್ ವಿಷಯದಲ್ಲಿ ಇಷ್ಟು ಅವಸರ ಯಾಕೆ ಅಂದರೆ, ಅದರೊಳಗೆ ರಕ್ತ ಓಡುವುದಿಲ್ಲ. ರಕ್ತ ತಲುಪದ ಕಡೆ ನಮ್ಮ ದೇಹದ ಕಾವಲೂ ಕಡಿಮೆ, ಔಷಧವೂ ಕಡಿಮೆ. ಬ್ಯಾಕ್ಟೀರಿಯಾ ಒಮ್ಮೆ ಅದಕ್ಕೆ ಅಂಟಿಕೊಂಡರೆ ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ, ನೀರಿನ ಡ್ರಮ್ಮಿನ ಒಳಗೋಡೆಗೆ ಪಾಚಿ ಹಿಡಿದ ಹಾಗೆ. ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಪದರ ಗಟ್ಟಿಯಾದ ಮೇಲೆ ಬರೀ ಮಾತ್ರೆಯಿಂದ ಅದನ್ನು ಕೀಳುವುದು ಬಹಳ ಕಷ್ಟ.

ಹಂತ 1: ಆಪರೇಷನ್‌ಗೆ ಮೊದಲೇ ಮುಗಿಸಬೇಕಾದ ಕೆಲಸ

ತಂಬಾಕಿನಿಂದ ಶುರು ಮಾಡೋಣ. ಕಡೇ ಪಕ್ಷ 4 ವಾರ ಮೊದಲೇ ನಿಲ್ಲಿಸಬೇಕು, ಆಪರೇಷನ್ ಆಗಿ ಗಾಯ ಮಾಯುವ ತನಕ ಮುಟ್ಟಬಾರದು. "ನಾನು ಸಿಗರೇಟ್ ಸೇದಲ್ಲ" ಅಂತ ಹೆಂಗಸರು ಹೇಳುವುದು ನಿಜವೇ. ಆದರೆ ಮಹಾರಾಷ್ಟ್ರದಲ್ಲಿ ಬೆಳೆದವರಲ್ಲಿ ಹಲ್ಲುಜ್ಜಲು ಮಿಶ್ರಿ (ಹುರಿದ ಹೊಗೆಸೊಪ್ಪಿನ ಪುಡಿ) ಹಚ್ಚುವ ಅಭ್ಯಾಸ ಇನ್ನೂ ಇದೆ, ನಮ್ಮ ಕಡೆಯ ಹಿರಿಯರಲ್ಲಿ ನಶ್ಯ ಇದೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇದೆ. ಇವೆಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ತೆಳುವಾಗಿ ಉಳಿದ ಸ್ತನದ ಚರ್ಮಕ್ಕೆ ರಕ್ತ ಸಾಲದೆ ಅಂಚು ಕಪ್ಪಾಗುತ್ತದೆ, ಸೋಂಕು ಒಳಗೆ ಹೋಗಲು ಅದೇ ದಾರಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಅತ್ತೆಯ ಎದುರು ಹೇಳಲು ಸಂಕೋಚ ಆದರೆ ನರ್ಸ್ ಕಿವಿಯಲ್ಲಿ ಹೇಳಿ, ನಾವು ದಾಟಿಸುತ್ತೇವೆ.

ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ 7ರ ಆಸುಪಾಸಿಗೆ ತರಲು ನೋಡುತ್ತಾರೆ. ಕ್ಯಾನ್ಸರ್ ಆಪರೇಷನ್ ಮೂರು ತಿಂಗಳು ಕಾಯುವುದಿಲ್ಲ ಅಲ್ವಾ, ಹಾಗಾಗಿ ಇರುವ ಎರಡು ಮೂರು ವಾರದಲ್ಲಿ ಪ್ರತಿದಿನದ ಶುಗರ್ ಹಿಡಿತಕ್ಕೆ ತರುವುದೇ ಗುರಿ.

ಮೈಯಲ್ಲಿ ಬೇರೆ ಎಲ್ಲಾದರೂ ಸೋಂಕು ಇದೆಯಾ ನೋಡಿ. ಹುಳುಕು ಹಲ್ಲು, ಉರಿಮೂತ್ರ, ಉಗುರುಸುತ್ತು. ಮಳೆಗಾಲದ ಮುಂಬೈಯಲ್ಲಿ ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರಿಗೆ ಫಂಗಸ್ ಆಗುವುದು ತೀರಾ ಮಾಮೂಲು, ನಾಚಿಕೆಯಿಂದ ಯಾರೂ ತೋರಿಸುವುದಿಲ್ಲ. ತೋರಿಸಿ. ಕಂಕುಳ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ, ಸಣ್ಣ ಗೀರುಗಳೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ತೆಗೆಯಲೇಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ತೆಗೆಯುತ್ತಾರೆ.

ಇನ್ನೊಂದು ಪ್ರಶ್ನೆ ನೇರವಾಗಿ ಕೇಳಿ: "ನನಗೆ ರೇಡಿಯೇಷನ್ ಖಂಡಿತ ಬೇಕಾಗುತ್ತಾ? ಹಾಗಿದ್ದರೆ ಈಗಲೇ ಇಂಪ್ಲಾಂಟ್ ಇಡುವುದು ಸರಿಯಾ, ಆಮೇಲೆ ನನ್ನದೇ ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ ಮಾಡುವುದು ಸರಿಯಾ?" ರೇಡಿಯೇಷನ್ ಆದ ಎದೆಯಲ್ಲಿ ಇಂಪ್ಲಾಂಟಿನ ತೊಂದರೆಗಳು ಜಾಸ್ತಿ. ಕೇಳಿದ್ದಕ್ಕೆ ಯಾವ ಒಳ್ಳೇ ಸರ್ಜನ್ ಕೂಡ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 2: ಮನೆಯಲ್ಲಿ ಇರಲೇಬೇಕಾದ ಸಾಮಾನು

ಡಿಜಿಟಲ್ ಥರ್ಮಾಮೀಟರ್. ಕೈ ಇಟ್ಟು ನೋಡುವ ಜ್ವರ ಲೆಕ್ಕಕ್ಕಿಲ್ಲ. ಡ್ರೈನ್ (ಗಾಯದೊಳಗಿನ ನೀರು ಹೊರಬರಲು ಇಟ್ಟ ನಳಿಗೆ ಮತ್ತು ಡಬ್ಬಿ) ನೀರು ಅಳೆಯಲು ಮಿಲಿಲೀಟರ್ ಗುರುತು ಇರುವ ಕಪ್, ಒಂದು ನೋಟ್‌ಬುಕ್, ಬಾಲ್‌ಪೆನ್. ಶುಗರ್ ಇದ್ದರೆ ಗ್ಲುಕೋಮೀಟರ್, ಅದರ ಸ್ಟ್ರಿಪ್ಪುಗಳು. ಸಾಬೂನು, ಬೇರೆಯವರು ಮುಟ್ಟದ ಒಂದು ಟವೆಲ್. ಮುಂದೆ ಗುಂಡಿ ಇರುವ ನೈಟಿ, ತಲೆ ಮೇಲಿಂದ ಹಾಕುವ ಬಟ್ಟೆಯಿಂದ ಡ್ರೈನ್ ಎಳೆದುಹೋಗುತ್ತದೆ. ಡ್ರೈನ್ ಡಬ್ಬಿ ಇಡಲು ಸೊಂಟಕ್ಕೆ ಕಟ್ಟುವ ಬಟ್ಟೆ ಚೀಲ, ಹಳೇ ಸೀರೆಯಿಂದ ಹೊಲಿದರೂ ಸಾಕು.

ಕಾಗದಗಳನ್ನು ಒಂದೇ ಫೈಲಿನಲ್ಲಿ ಇಡಿ: ಡಿಸ್ಚಾರ್ಜ್ ಕಾರ್ಡ್, ಇಂಪ್ಲಾಂಟಿನ ಸ್ಟಿಕರ್ ಅಂಟಿಸಿದ ಕಾರ್ಡ್, ಈಗ ನುಂಗುವ ಔಷಧಗಳ ಪಟ್ಟಿ, ಯಾವ ಔಷಧ ಆಗಿಬರುವುದಿಲ್ಲ ಅನ್ನುವ ಚೀಟಿ, ಕೀಮೋ ತಾರೀಕುಗಳು. ಎಲ್ಲದರ ಫೋಟೋ ಮೊಬೈಲಿನಲ್ಲೂ ಇರಲಿ. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಡಿಸ್ಚಾರ್ಜ್ ದಿನವೇ ಕೇಳಿ ಬರೆದುಕೊಳ್ಳಿ. ಓಪಿಡಿ ನಂಬರ್ ರಾತ್ರಿ ಎರಡು ಗಂಟೆಗೆ ಯಾರೂ ಎತ್ತುವುದಿಲ್ಲ.

ಹಂತ 3: ದಿನಕ್ಕೆರಡು ಸಲದ ತಪಾಸಣೆ, ಇದೇ ಕ್ರಮದಲ್ಲಿ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಟ್ಟು ಹತ್ತು ನಿಮಿಷದ ಕೆಲಸ. ನೋವಿನ ಮಾತ್ರೆ ನುಂಗುವ ಮೊದಲೇ ಮಾಡಿ.

ಮೊದಲು ಜ್ವರ ನೋಡಿ ಬರೆಯಿರಿ. ಯಾಕೆ ಮೊದಲು ಅಂದರೆ, ಪ್ಯಾರಾಸಿಟಮಾಲ್ ಒಳಗೆ ಹೋದರೆ ಜ್ವರ ಇಳಿದು ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆಮೇಲೆ ಕೈ ತೊಳೆದು ಎರಡೂ ಕಡೆಯ ಎದೆಯನ್ನು ಕಿಟಕಿ ಬೆಳಕಿನಲ್ಲಿ ಹೋಲಿಸಿ ನೋಡಿ. ಹಿಂಗೈಯನ್ನು ಎರಡೂ ಕಡೆ ಇಟ್ಟು ಯಾವುದು ಬಿಸಿ ನೋಡಿ. ದಿನಕ್ಕೊಂದು ಫೋಟೋ, ಒಂದೇ ಜಾಗ, ಒಂದೇ ದೂರ, ಫ್ಲಾಶ್ ಇಲ್ಲದೆ.

ಕೊನೆಗೆ ಡ್ರೈನ್. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಹಾಕುವುದು ರೋಮೋವ್ಯಾಕ್ ಥರದ, ಒತ್ತಿ ಗಾಳಿ ತೆಗೆಯುವ ಡಬ್ಬಿ. ನಳಿಗೆಯನ್ನು ಚರ್ಮದ ಹತ್ತಿರ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಡಬ್ಬಿಯ ಕಡೆಗೆ ನೀವಿ. ಆಮೇಲೆ ಕ್ಲಾಂಪ್ ಹಾಕಿ, ಮುಚ್ಚಳ ತೆಗೆದು ಖಾಲಿ ಮಾಡಿ, ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಡಬ್ಬಿ ಪೂರ್ತಿ ಒತ್ತಿ ಹಿಡಿದು ಮುಚ್ಚಿ, ಕ್ಲಾಂಪ್ ಬಿಡಿ. ಡಬ್ಬಿ ಒತ್ತಿದ ಹಾಗೇ ಉಳಿಯಬೇಕು. ತಕ್ಷಣ ಉಬ್ಬಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ, ಆ ದಿನವೇ ತೋರಿಸಿ. 24 ಗಂಟೆಯ ಒಟ್ಟು ಲೆಕ್ಕ, ಬಣ್ಣ, ವಾಸನೆ ಬರೆಯಿರಿ.

ಸಾಮಾನ್ಯವಾಗಿ 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಎರಡು ದಿನ ಸತತ ಬಂದರೆ ಡ್ರೈನ್ ತೆಗೆಯುತ್ತಾರೆ. ಬೇಗ ತೆಗೆದರೆ ನೀರು ತುಂಬುತ್ತದೆ, ತುಂಬಾ ದಿನ ಬಿಟ್ಟರೆ ನಳಿಗೆಯೇ ಬ್ಯಾಕ್ಟೀರಿಯಾಕ್ಕೆ ದಾರಿ ಆಗುತ್ತದೆ. ಅದಕ್ಕೇ ನಿಮ್ಮ ಲೆಕ್ಕ ಸರಿ ಇರಬೇಕು. ಅಂದಾಜಿನ ಲೆಕ್ಕ ತಂದುಕೊಟ್ಟರೆ ಡಾಕ್ಟರ ತೀರ್ಮಾನವೂ ಅಂದಾಜಿನದ್ದೇ ಆಗುತ್ತದೆ.

ಜನ ಮಾಡುವ ತಪ್ಪುಗಳು ಇವು. ಕುತೂಹಲಕ್ಕೆ ದಿನಕ್ಕೆ ಐದಾರು ಸಲ ಡ್ರೈನ್ ತೆರೆಯುವುದು. ಡಬ್ಬಿಯನ್ನು ಎದೆಗಿಂತ ಮೇಲೆ ಎತ್ತುವುದು. ನಿನ್ನೆ 60 ಇದ್ದದ್ದು ಇವತ್ತು ಸೊನ್ನೆ ಆದರೆ ವಾಸಿಯಾಯಿತು ಅಂತ ಖುಷಿಪಡುವುದು, ಅದು ಹೆಚ್ಚಾಗಿ ನಳಿಗೆ ಕಟ್ಟಿಕೊಂಡ ಸೂಚನೆ.

ಸ್ನಾನದ ವಿಷಯ ಇನ್ನೂ ಮುಖ್ಯ. ಡಾಕ್ಟರು ಹೇಳುವ ತನಕ ಎದೆಗೆ ನೀರು ತಾಗಿಸಬೇಡಿ, ಒದ್ದೆ ಬಟ್ಟೆಯಿಂದ ಉಳಿದ ಮೈ ಒರೆಸಿಕೊಳ್ಳಿ. ಟ್ಯಾಂಕರ್ ನೀರು, ಟೆರೇಸ್ ಟ್ಯಾಂಕಿನ ನೀರು, ಬಾತ್‌ರೂಮಿನ ಡ್ರಮ್ಮಿನಲ್ಲಿ ನಿಂತ ನೀರು, ಇವುಗಳಲ್ಲಿ ಟಿಬಿ ಜಾತಿಗೆ ಸೇರಿದ, ಆದರೆ ಟಿಬಿ ಅಲ್ಲದ ಕೆಲವು ಬ್ಯಾಕ್ಟೀರಿಯಾ ಇರಬಹುದು. ಅವು ಇಂಪ್ಲಾಂಟ್ ಸುತ್ತ ಸೇರಿಕೊಂಡರೆ ವಾರಗಟ್ಟಲೆ ನಿಧಾನವಾಗಿ ಸೋರುತ್ತಾ ಕಾಡುತ್ತವೆ. ಊರಿಂದ ಬಂದು ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಉಳಿದವರು, ಬಾತ್‌ರೂಮ್ ಹಂಚಿಕೊಳ್ಳುವವರು, ಈ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಮಾಡಿ.

ಗಾಯಕ್ಕೆ ಅರಿಶಿನ ಬೇಡ, ಕೊಬ್ಬರಿ ಎಣ್ಣೆ ಬೇಡ, ಬೇವಿನ ಲೇಪ ಬೇಡ, ವಿಭೂತಿಯೂ ಬೇಡ. ಪ್ರೀತಿಯಿಂದಲೇ ತಂದುಕೊಡುತ್ತಾರೆ ಅಂತ ಗೊತ್ತು. ಹಣೆಗೆ ಇಟ್ಟುಕೊಳ್ಳಿ, ಹೊಲಿಗೆಗೆ ಮುಟ್ಟಿಸಬೇಡಿ. ಬಿಸಿನೀರಿನ ಚೀಲದ ಶಾಖ ಅಂತೂ ಖಂಡಿತ ಬೇಡ. ಆಪರೇಷನ್ ಆದ ಚರ್ಮಕ್ಕೆ ಸ್ಪರ್ಶವೇ ಇರುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ, ಬೊಬ್ಬೆ ಬಂದ ಮೇಲಷ್ಟೇ ಗೊತ್ತಾಗುತ್ತದೆ. ಐಸ್ ಇಡುವುದಕ್ಕೂ ಇದೇ ಮಾತು.

ಹಂತ 4: ಯಾವುದು ಮಾಮೂಲು, ಯಾವುದು ಅಪಾಯ

ಮೊದಲ ಕೆಲವು ದಿನ ಊತ, ನೀಲಿ ಹಳದಿ ಕಲೆ, ಬಿಗಿತ, ಇವು ಇರುತ್ತವೆ. ಡ್ರೈನ್ ನೀರು ಕೆಂಪಿನಿಂದ ತಿಳಿಗೆಂಪಾಗಿ, ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ಬರಬೇಕು. ಇದು ಸರಿಯಾದ ದಾರಿ. ದಿನದಿಂದ ದಿನಕ್ಕೆ ಕಡಿಮೆ ಆಗಬೇಕಾದದ್ದು ಯಾವುದೇ ಆಗಲಿ ಮತ್ತೆ ಜಾಸ್ತಿ ಆದರೆ, ಅದೇ ಮೊದಲ ಎಚ್ಚರಿಕೆ.

ಆ ದಿನವೇ ಫೋನ್ ಮಾಡಬೇಕಾದ ಲಕ್ಷಣಗಳು: ಹರಡುವ ಕೆಂಪು, ಬಿಸಿ, ಒಂದು ಕಡೆ ಮಾತ್ರ ಹೊಸದಾಗಿ ಊತ, ಜಾಸ್ತಿಯಾಗುವ ನೋವು, ಕದಡಿದ ಅಥವಾ ವಾಸನೆ ಬರುವ ಡ್ರೈನ್ ನೀರು, ಹೊಲಿಗೆಯಿಂದ ಸೋರಿಕೆ, 100.4 ಡಿಗ್ರಿ ಫ್ಯಾರನ್‌ಹೀಟ್ ಅಂದರೆ 38 ಸೆಲ್ಸಿಯಸ್ ಮುಟ್ಟಿದ ಜ್ವರ.

ಇಲ್ಲಿ ಮೂರು ಕಡೆ ಜನ ಮೋಸ ಹೋಗುತ್ತಾರೆ. ಒಂದು, ಬಣ್ಣ. ಫೋಟೋಗಳಲ್ಲಿ ತೋರಿಸುವ ಕೆಂಪು ಹೆಚ್ಚಾಗಿ ಬಿಳಿಯರ ಚರ್ಮದ್ದು. ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಅದು ಕೆಂಪಾಗಿ ಕಾಣದೆ ನೇರಳೆ, ತಾಮ್ರ ಅಥವಾ ಬರೀ ಇನ್ನಷ್ಟು ಕಪ್ಪಾಗಿ ಕಾಣಬಹುದು. ಹಾಗಾಗಿ ಬಣ್ಣದ ಜೊತೆಗೆ ಬಿಸಿ, ಹೊಳಪು, ಬಿಗಿತ, ಊತ ನೋಡಿ. ಎರಡು, ನೋವು. ಚರ್ಮಕ್ಕೆ ಸ್ಪರ್ಶ ಇಲ್ಲದಿರುವಾಗ ನೋವಿಲ್ಲದೆಯೂ ಸೋಂಕು ಬೆಳೆಯುತ್ತದೆ. ಮೂರು, ಶುಗರ್. ಊಟ, ಔಷಧ ಎಲ್ಲ ಅದೇ ಇದ್ದು ಶುಗರ್ ಸುಮ್ನೆ ಏರುತ್ತಿದ್ದರೆ ಒಳಗೆ ಏನೋ ನಡೆಯುತ್ತಿದೆ ಅಂತಲೇ ತಿಳಿಯಿರಿ. ಜ್ವರಕ್ಕಿಂತ ಮೊದಲೇ ಇದು ಕಾಣಿಸಿಕೊಳ್ಳಬಹುದು.

ಕೆಲವರಿಗೆ ಇಂಪ್ಲಾಂಟಿನ ಆಸರೆಗೆ ಸಂಸ್ಕರಿಸಿದ ಚರ್ಮದ ಹಾಳೆ ಇಟ್ಟಿರುತ್ತಾರೆ. ಆ ಹಾಳೆ ಇರುವಷ್ಟೇ ಜಾಗ ಕೆಂಪಾಗಿ, ಬಿಸಿ ಇಲ್ಲದೆ, ಜ್ವರ ಇಲ್ಲದೆ, ತಾನಾಗೇ ಇಳಿಯುವುದೂ ಉಂಟು. ಆದರೆ ಇದು ಅದೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಸೋಂಕು ಅಲ್ಲ ಅಂತ ಡಾಕ್ಟರು ನೋಡಿ ಹೇಳಿದ ಮೇಲಷ್ಟೇ ಹಾಗೆ ಅಂದುಕೊಳ್ಳಿ.

ಫೋನಿಗೂ ಕಾಯದೆ ಹೊರಡಬೇಕಾದದ್ದು: ಗಡಗಡ ನಡುಗಿಸುವ ಚಳಿ, ತಲೆ ತಿರುಗಿ ಬೀಳುವ ಹಾಗಾಗುವುದು, ಮಾತು ತೊದಲುವುದು, ಏದುಸಿರು, ಮೂತ್ರ ಕಡಿಮೆಯಾಗುವುದು, ಹೊಲಿಗೆ ಬಿಟ್ಟು ಇಂಪ್ಲಾಂಟ್ ಕಾಣುವುದು, ಗಂಟೆ ಗಂಟೆಗೆ ಹರಡುವ ಕೆಂಪು. ಕೀಮೋ ನಡೆಯುತ್ತಿರುವವರಿಗೆ ಒಂದೇ ಒಂದು ಸಲ 100.4 ಮುಟ್ಟಿದರೂ ಅದು ತುರ್ತು. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಕೀವು ಮಾಡಲೂ ದೇಹದಲ್ಲಿ ಕಣಗಳಿರುವುದಿಲ್ಲ, ಎದೆ ನೋಡಲು ಚೆನ್ನಾಗೇ ಇರುತ್ತದೆ, ಜ್ವರ ಒಂದೇ ಸುಳಿವು. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್ ಆ ಜ್ವರವನ್ನೂ ಮುಚ್ಚಿಹಾಕಬಹುದು, ಆದ್ದರಿಂದ ಜ್ವರ ಇಲ್ಲದೆ ತೀರಾ ಸುಸ್ತಾದರೂ ಹೊರಡಿ.

ಹಂತ 5: ಲಕ್ಷಣ ಕಂಡ ಮೊದಲ ಎರಡು ಗಂಟೆ

1. ಜ್ವರ ನೋಡಿ, ಸಮಯದ ಜೊತೆ ಬರೆಯಿರಿ. ಬರೆದ ಮೇಲಷ್ಟೇ ಬೇಕಿದ್ದರೆ ಪ್ಯಾರಾಸಿಟಮಾಲ್.

2. ಕೆಂಪಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ಸಮಯ ಬರೆಯಿರಿ. ಗೆರೆ ದಾಟಿ ಹೋಗುತ್ತಿದೆಯಾ ಇಲ್ಲವಾ ಅನ್ನುವುದು ಆಮೇಲೆ ನೋಡುವ ಎಲ್ಲ ಡಾಕ್ಟರಿಗೂ ಬೇಕು. ಒಂದು ಫೋಟೋ ತೆಗೆಯಿರಿ.

3. ಸರ್ಜನ್ ತಂಡಕ್ಕೆ ಫೋನ್. ದೊಡ್ಡ ಆಸ್ಪತ್ರೆಯಲ್ಲಿ ಫೋನ್ ಎತ್ತುವವರು ರೆಸಿಡೆಂಟ್ ಡಾಕ್ಟರು, ಅವರಿಗೆ ನಿಮ್ಮ ಪರಿಚಯ ಇರುವುದಿಲ್ಲ. ಊರಿಂದ ಬಂದ ಅಕ್ಕನಿಗೋ ಅಮ್ಮನಿಗೋ ಹಿಂದಿ ಸರಿಯಾಗಿ ಬರದಿದ್ದರೆ ಈ ಸಾಲು ಚೀಟಿಯಲ್ಲಿ ಬರೆದಿಡಿ: "ಬ್ರೆಸ್ಟ್ ಕಾ ಆಪರೇಷನ್ ಹುವಾ ಹೈ, ಅಂದರ್ ಇಂಪ್ಲಾಂಟ್ ಹೈ. ಕಲ್ ರಾತ್ ಸೇ ಲಾಲ್ ಹೈ, ಬುಖಾರ್ 101 ಹೈ. ಶುಗರ್ ಭೀ ಹೈ. ಆಖ್ರೀ ಕೀಮೋ ಪಿಛಲೇ ಸೋಮವಾರ್ ಕೋ ಹುವಾ." ಅಂದರೆ ಸ್ತನದ ಆಪರೇಷನ್ ಆಗಿದೆ, ಒಳಗೆ ಇಂಪ್ಲಾಂಟ್ ಇದೆ, ನಿನ್ನೆ ರಾತ್ರಿಯಿಂದ ಕೆಂಪಾಗಿದೆ, ಜ್ವರ 101 ಇದೆ, ಶುಗರ್ ಕೂಡ ಇದೆ, ಕೊನೆಯ ಕೀಮೋ ಕಳೆದ ಸೋಮವಾರ ಆಯಿತು ಅಂತ. ಇಂಪ್ಲಾಂಟ್ ಅನ್ನುವ ಮಾತು ಮೊದಲ ವಾಕ್ಯದಲ್ಲೇ ಬರಲಿ.

4. ಏನಾದರೂ ತಿನ್ನಬಹುದಾ ಅಂತ ಅದೇ ಫೋನಿನಲ್ಲಿ ಕೇಳಿ. ಅವತ್ತೇ ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ಏನು ಮಾಡಬೇಕು ಅಂತಲೂ ಕೇಳಿ.

5. ಮನೆಯಲ್ಲಿರುವ ಆಂಟಿಬಯಾಟಿಕ್ ಶುರು ಮಾಡಬೇಡಿ. ಸರ್ಜನ್ ಫೋನಿನಲ್ಲೇ ಶುರು ಮಾಡಿ ಅಂದರೆ ಮಾಡಿ, ಆದರೆ "ಯಾವಾಗ ಬಂದು ತೋರಿಸಲಿ?" ಅಂತ ಸಮಯ ಗೊತ್ತುಮಾಡಿಕೊಳ್ಳಿ.

6. ಫೈಲ್ ಹಿಡಿದು ಹೊರಡಿ. ಸ್ಥಿತಿ ಗಂಭೀರ ಅನ್ನಿಸಿದರೆ ಮಹಾರಾಷ್ಟ್ರದಲ್ಲಿ 108 ಆಂಬುಲೆನ್ಸ್. ಮಾಮೂಲು ಫಾಲೋಅಪ್‌ಗೆ ಲೋಕಲ್ ರೈಲು ಹಿಡಿಯುವುದಾದರೆ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹೋಗಬಹುದು, ಆಸ್ಪತ್ರೆ ಕಾಗದ ಜೊತೆಗಿರಲಿ.

ಜುಲೈ ಮಳೆಯಲ್ಲಿ ಕುರ್ಲಾ, ಸಯಾನ್ ಹತ್ತಿರ ಹಳಿ ಮೇಲೆ ನೀರು ನಿಂತರೆ ಡೊಂಬಿವಲಿಯಿಂದ ಪರೇಲ್ ಕಡೆಯ ಆಸ್ಪತ್ರೆ ತಲುಪುವುದೇ ಆಗುವುದಿಲ್ಲ. ಗಣಪತಿ ವಿಸರ್ಜನೆ ದಿನ ರಸ್ತೆ ಬಂದ್. ಅಂಥ ದಿನ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಸರ್ಜನ್ ಹತ್ತಿರ ಕೇಳಿಟ್ಟುಕೊಳ್ಳಿ, 24 ಗಂಟೆ ಕ್ಯಾಜುವಾಲ್ಟಿ ಇರುವ ಹತ್ತಿರದ ಆಸ್ಪತ್ರೆ ಒಂದು ಗೊತ್ತಿರಲಿ. ಅಲ್ಲಿ ಹೋದಾಗ ಎರಡು ಮಾತು ಬಿಡಬೇಡಿ: ಒಳಗೆ ಇಂಪ್ಲಾಂಟ್ ಇದೆ, ಮತ್ತು ಸೋನೋಗ್ರಫಿ ಇಲ್ಲದೆ ಸೂಜಿ ಹಾಕಬೇಡಿ. ಊತ ಕಂಡ ಕೂಡಲೇ ಕಣ್ಣಂದಾಜಿನಲ್ಲಿ ಸೂಜಿ ಚುಚ್ಚಿದರೆ ಇಂಪ್ಲಾಂಟ್ ಅಥವಾ ಎಕ್ಸ್‌ಪಾಂಡರ್ ತೂತಾಗಬಹುದು. ಎಕ್ಸ್‌ಪಾಂಡರ್ ಅಂದರೆ ಇಂಪ್ಲಾಂಟ್‌ಗೆ ಮೊದಲು ಚರ್ಮ ಹಿಗ್ಗಿಸಲು ಇಟ್ಟು, ಸ್ವಲ್ಪ ಸ್ವಲ್ಪ ನೀರು ತುಂಬಿಸುವ ಚೀಲ.

ಹಂತ 6: ಆಸ್ಪತ್ರೆಯಲ್ಲಿ ಏನೇನು ಆಗಬೇಕು

ರಕ್ತಕಣಗಳ ಲೆಕ್ಕ, ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ಏರುವ ರಕ್ತದ ಅಂಶ), ಕಿಡ್ನಿ ಪರೀಕ್ಷೆ, ಶುಗರ್. ಜ್ವರ ಇದ್ದರೆ ರಕ್ತದ ಕಲ್ಚರ್. ಎದೆಯ ಸೋನೋಗ್ರಫಿ, ಇಂಪ್ಲಾಂಟ್ ಸುತ್ತ ನೀರು ಇದೆಯಾ ನೋಡಲು. ನೀರಿದ್ದರೆ ಸೋನೋಗ್ರಫಿ ನೋಡುತ್ತಲೇ ಸೂಜಿಯಿಂದ ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಚರ್ಮದ ಮೇಲಿನಿಂದ ಒರೆಸಿದ ಸ್ವಾಬ್‌ಗಿಂತ ಒಳಗಿನ ನೀರಿನ ಕಲ್ಚರ್ ಎಷ್ಟೋ ಹೆಚ್ಚು ನಂಬಲರ್ಹ. ಎಕ್ಸ್‌ಪಾಂಡರ್ ಇರುವವರು ಗಮನಿಸಿ: ಬಹಳಷ್ಟು ಎಕ್ಸ್‌ಪಾಂಡರ್‌ಗಳ ನೀರು ತುಂಬಿಸುವ ಬಾಯಲ್ಲಿ ಆಯಸ್ಕಾಂತ ಇರುತ್ತದೆ, ಯಾರಾದರೂ ಎಂಆರ್‌ಐ ಬರೆದರೆ ಕಾರ್ಡ್ ತೋರಿಸಿ ಕೇಳದೆ ಒಳಗೆ ಹೋಗಬೇಡಿ.

ನೀವು ಕೇಳಬೇಕಾದ ಪ್ರಶ್ನೆ: "ಆಂಟಿಬಯಾಟಿಕ್‌ಗೆ ಮೊದಲು ಸ್ಯಾಂಪಲ್ ತೆಗೆದಿರಾ?" ರೋಗಿಯ ಬಿಪಿ ಇಳಿದಿದ್ದರೆ, ನಡುಕ ಇದ್ದರೆ, ಸ್ಯಾಂಪಲ್‌ಗಾಗಿ ಔಷಧ ತಡ ಮಾಡುವುದಿಲ್ಲ, ಮಾಡಲೂಬಾರದು. ಉಳಿದವರಲ್ಲಿ ಈ ಕ್ರಮ ಮುಖ್ಯ.

ಶುರುವಿನ ಔಷಧ ಅಂದಾಜಿನ ಮೇಲೆ. ಚರ್ಮದ ಸ್ಟೆಫಿಲೋಕಾಕಸ್ ಮುಖ್ಯ ಆರೋಪಿ, ಅದರಲ್ಲಿ ಮಾಮೂಲು ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಕೂಡ ಇರಬಹುದು. ಸ್ಯೂಡೊಮೊನಾಸ್‌ನಂಥ ಬೇರೆ ಗುಂಪಿನವೂ ಇಂಪ್ಲಾಂಟ್ ಸೋಂಕಿನಲ್ಲಿ ಸಿಗುತ್ತವೆ. ಹಾಗಾಗಿ ಅಪಾಯ ಜಾಸ್ತಿ ಇರುವವರನ್ನು ಅಡ್ಮಿಟ್ ಮಾಡಿಕೊಂಡು ಎರಡೂ ಗುಂಪಿಗೆ ಆಗುವ ಹಾಗೆ ಸಲೈನ್ ಮೂಲಕ ಕೊಡುವುದು ಸಾಮಾನ್ಯ. ಕಲ್ಚರ್ ರಿಪೋರ್ಟ್ ಎರಡು ಮೂರು ದಿನದಲ್ಲಿ ಬಂದ ಮೇಲೆ ಔಷಧ ಬದಲಾಗಬಹುದು. ಗಾಬರಿಯಾಗಬೇಡಿ, ಬದಲಾಯಿಸಿದರೆ ಒಳ್ಳೆಯದೇ. ಕಂಕುಳ ಗಂಟುಗಳನ್ನು ತೆಗೆದ ಕಡೆಯ ಕೈಗೆ ಸೂಜಿ ಬೇಡ ಅಂತ ನೆನಪಿಸಿ.

ರಿಪೋರ್ಟಿನಲ್ಲಿ "ಏನೂ ಬೆಳೆದಿಲ್ಲ" ಅಂತ ಬಂದು ಸೋರಿಕೆ ಮಾತ್ರ ನಿಲ್ಲದಿದ್ದರೆ, ಮೈಕೊಬ್ಯಾಕ್ಟೀರಿಯಾ ಕಲ್ಚರ್ ಕಳಿಸಿದ್ದೀರಾ ಅಂತ ಕೇಳಿ. ಮೇಲೆ ಹೇಳಿದ ನೀರಿನ ಬ್ಯಾಕ್ಟೀರಿಯಾ ಮಾಮೂಲು ಕಲ್ಚರ್‌ನಲ್ಲಿ ತಪ್ಪಿಹೋಗಬಹುದು. ಬೇರೆಯಾಗಿ ಬರೆದು ಕಳಿಸಬೇಕು, ರಿಪೋರ್ಟ್ ಬರಲು ವಾರಗಳೇ ಆಗಬಹುದು.

ಸೋಂಕು ಹಗುರವಾಗಿದ್ದು ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ 24ರಿಂದ 48 ಗಂಟೆಯೊಳಗೆ ಮತ್ತೆ ತೋರಿಸಲೇಬೇಕು. "ಐದು ದಿನದ ಕೋರ್ಸ್ ಮುಗಿಸಿ ಬನ್ನಿ" ಅಂದರೆ, ನನಗೆ ಶುಗರ್ ಇದೆ, ಕೀಮೋ ಇದೆ, ಮೊದಲೇ ಬರಲಾ ಅಂತ ನೀವೇ ಕೇಳಿ.

ಹಂತ 7: 48ರಿಂದ 72 ಗಂಟೆಯ ತೀರ್ಮಾನ

ಹೆಚ್ಚು ಅಳು, ಹೆಚ್ಚು ಜಗಳ ಆಗುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಜ್ವರ ಇಳಿದು, ಕೆಂಪು ನಿಮ್ಮ ಗೆರೆಯೊಳಗೆ ಕುಗ್ಗಿ, ಸಿಆರ್‌ಪಿ ಇಳಿಯುತ್ತಿದ್ದರೆ ಔಷಧ ಕೆಲಸ ಮಾಡುತ್ತಿದೆ. ಇನ್ನೂ ಕೆಲವು ದಿನ ನೋಡಿ ಮಾತ್ರೆಗೆ ಬದಲಾಯಿಸುತ್ತಾರೆ.

ಹಾಗಾಗದಿದ್ದರೆ, ಅಥವಾ ಇಂಪ್ಲಾಂಟ್ ಸುತ್ತ ಕೀವು ಇದ್ದರೆ, ಔಷಧವನ್ನೇ ಎಳೆಯುತ್ತಾ ಹೋಗುವುದರಲ್ಲಿ ಅರ್ಥ ಇಲ್ಲ. ಆಪರೇಷನ್ ಥಿಯೇಟರಿಗೆ ಹೋಗಬೇಕು. ಅಲ್ಲಿ ಎರಡು ದಾರಿ. ಒಂದು, ಇಂಪ್ಲಾಂಟ್ ಹೊರತೆಗೆದು, ಒಳಗಿನ ಕೆಟ್ಟ ಪದರ ಕೆರೆದು, ಚೆನ್ನಾಗಿ ತೊಳೆದು, ಹೊಸ ಇಂಪ್ಲಾಂಟ್ ಅಥವಾ ಎಕ್ಸ್‌ಪಾಂಡರ್ ಇಡುವುದು. ಹಳೇ ಇಂಪ್ಲಾಂಟನ್ನೇ ತೊಳೆದು ಇಡಿ ಅಂತ ಕೇಳುವವರಿದ್ದಾರೆ. ಬಯೋಫಿಲ್ಮ್ ಇರುವುದೇ ಅದರ ಮೇಲೆ, ಹಾಗಾಗಿ ಬದಲಾಯಿಸುವುದೇ ವಾಡಿಕೆ. ಇನ್ನೊಂದು, ತೆಗೆದು, ತೊಳೆದು, ಸದ್ಯಕ್ಕೆ ಏನೂ ಇಡದೆ ಮುಚ್ಚುವುದು.

ತೆಗೆಯುವ ಕಡೆಗೆ ತೂಗುವ ಕಾರಣಗಳು: ರಕ್ತಕ್ಕೆ ಸೋಂಕು ಏರಿರುವುದು, ಚರ್ಮ ತೆಳುವಾಗಿ ಅಥವಾ ಕಪ್ಪಾಗಿ ಇಂಪ್ಲಾಂಟ್ ಕಾಣುತ್ತಿರುವುದು, ರೇಡಿಯೇಷನ್ ಆದ ಎದೆ, ಹಿಡಿತಕ್ಕೆ ಬಾರದ ಶುಗರ್, ತಂಬಾಕು ಬಿಡದಿರುವುದು, ಎಂಆರ್‌ಎಸ್‌ಎ, ಸ್ಯೂಡೊಮೊನಾಸ್ ಅಥವಾ ಮೈಕೊಬ್ಯಾಕ್ಟೀರಿಯಾದಂಥ ಹಟಮಾರಿ ಸೋಂಕು, ಮತ್ತು ತಕ್ಷಣ ಶುರು ಆಗಬೇಕಾದ ಕೀಮೋ ಅಥವಾ ರೇಡಿಯೇಷನ್.

ಕೊನೆಯದನ್ನು ಒತ್ತಿ ಹೇಳುತ್ತೇನೆ. ಇಂಪ್ಲಾಂಟ್ ಉಳಿಸಲು ಮೂರು ವಾರ, ಮತ್ತೆ ಕೆಂಪಾಯಿತು ಅಂತ ಇನ್ನೆರಡು ವಾರ, ಹೀಗೆ ಕೀಮೋ ಮುಂದಕ್ಕೆ ಹೋಗುತ್ತಾ ಇದ್ದರೆ ನಾವು ದೊಡ್ಡದನ್ನು ಬಿಟ್ಟು ಸಣ್ಣದನ್ನು ಕಾಯುತ್ತಿದ್ದೇವೆ. ಆಪರೇಷನ್ ಆಗಿ ಮೂರು ತಿಂಗಳು ದಾಟಿದ ಮೇಲೆ ಕೀಮೋ ಶುರು ಮಾಡಿದವರಲ್ಲಿ ಫಲಿತಾಂಶ ಕೆಳಗಿಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ. "ಅಷ್ಟು ದುಡ್ಡು ಕೊಟ್ಟಿದ್ದೀವಿ, ಹೇಗಾದರೂ ಉಳಿಸಿ" ಅಂತ ಗಂಡನೋ ಮಗನೋ ಪಟ್ಟು ಹಿಡಿಯುವುದನ್ನು ನೋಡಿದ್ದೇನೆ. ಖರ್ಚಾದ ದುಡ್ಡು ಈ ತೀರ್ಮಾನದಲ್ಲಿ ಬರಲೇಬಾರದು. ತೆಗೆಯುವುದನ್ನು ಒಪ್ಪಿದ ಹೆಂಗಸು ಏನನ್ನೂ ಸೋತಿಲ್ಲ, ಮತ್ತೆ ಮರುರಚನೆಯ ದಾರಿ ತೆರೆದೇ ಇರುತ್ತದೆ. ತೀರ್ಮಾನ ಅವಳದ್ದು, ಅವಳನ್ನು ಹೊರಗೆ ಕೂರಿಸಿ ಮಾತಾಡಬೇಡಿ.

ಕೇಳಬೇಕಾದ ಪ್ರಶ್ನೆ ಎರಡು. "ಉಳಿಸಲು ಹೊರಟರೆ ನನ್ನ ಸ್ಥಿತಿಯಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು?" "ಯಾವ ದಿನದ ತನಕ ನೋಡಿ, ಆಗದಿದ್ದರೆ ತೆಗೆಯುತ್ತೀರಿ?" ಎರಡನೆಯದಕ್ಕೆ ತಾರೀಕು ಸಿಗಬೇಕು.

ಹಂತ 8: ಮನೆಗೆ ಬಂದ ಮೇಲೆ

ಆಂಟಿಬಯಾಟಿಕ್ ಪೂರ್ತಿ ಮುಗಿಸಿ. ಮಾತ್ರೆ ನಿಲ್ಲಿಸಿದ ವಾರದೊಳಗೆ ಅದೇ ಜಾಗ ಮತ್ತೆ ಕೆಂಪಾದರೆ ಹೊಸ ಕೋರ್ಸ್ ತಾವಾಗೇ ಶುರು ಮಾಡಬೇಡಿ. ಬೇರು ಒಳಗೇ ಉಳಿದಿದೆ ಅಂತ ಅರ್ಥ, ಹಂತ 5ರಿಂದ ಮತ್ತೆ ಶುರು.

ಸರ್ಜನ್ ಮತ್ತು ಕೀಮೋ ಡಾಕ್ಟರು ಒಬ್ಬರಿಗೊಬ್ಬರು ಮಾತಾಡಿದ್ದಾರೆ ಅಂತ ಅಂದುಕೊಳ್ಳಬೇಡಿ. "ಕೀಮೋ ಯಾವಾಗ ಶುರು ಮಾಡಬಹುದು" ಅಂತ ಸರ್ಜನ್ ಕೈಯಲ್ಲಿ ಎರಡು ಸಾಲು ಬರೆಸಿ, ನೀವೇ ಹಿಡಿದುಕೊಂಡು ಹೋಗಿ ಕೊಡಿ.

ಊಟದಲ್ಲಿ ಪಥ್ಯದ ಹೆಸರಿನಲ್ಲಿ ಬರೀ ಗಂಜಿ ತಿಳಿಸಾರು ಕೊಡಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು: ಮೊಟ್ಟೆ, ಮೀನು, ಬೇಳೆ, ಹೆಸರುಕಾಳು, ಮೊಸರು, ಪನೀರ್. ಮೀನು ನಂಜು ಅನ್ನುವ ಮಾತಿಗೆ ಆಧಾರ ಇಲ್ಲ, ಚೆನ್ನಾಗಿ ಬೇಯಿಸಿದ ಬಂಗುಡೆ ತಿನ್ನಬಹುದು.

ಸ್ವಲ್ಪ ಹುಷಾರಾದ ಕೂಡಲೇ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವ ಆಸೆ ಎಲ್ಲರಿಗೂ. ಡ್ರೈನ್ ಇರುವಾಗ ಹೋಗಬೇಡಿ. ತೆಗೆದ ಮೇಲೂ ಒಂದೆರಡು ವಾರ ತಡೆಯಿರಿ, ಸೋಂಕು ಆಗ ಕಾಣಿಸಿಕೊಳ್ಳುವುದೂ ಉಂಟು. ಹೋಗಲೇಬೇಕಿದ್ದರೆ ಮಂಗಳೂರಲ್ಲೋ ಮಣಿಪಾಲದಲ್ಲೋ ನೋಡುವ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಹೆಸರು ಬರೆಸಿಕೊಂಡು, ಫೈಲ್ ಸಮೇತ ಹೋಗಿ.

ಎಕ್ಸ್‌ಪಾಂಡರ್‌ಗೆ ನೀರು ತುಂಬಿಸಲು ಹೋದಾಗಲೆಲ್ಲ ಸೂಜಿ ಚುಚ್ಚುತ್ತಾರೆ. ಮುಂದಿನ ಮೂರು ನಾಲ್ಕು ದಿನ ಹಂತ 3ರ ತಪಾಸಣೆ ಮತ್ತೆ ಮಾಡಿ. ಮೊದಲೇ ಕೆಂಪಿದ್ದರೆ ತುಂಬಿಸುವ ಮುನ್ನ ಹೇಳಿ.

ಇಂಪ್ಲಾಂಟ್ ತೆಗೆದವರಿಗೆ ಮರುರಚನೆ ಸಾಮಾನ್ಯವಾಗಿ 3ರಿಂದ 6 ತಿಂಗಳ ನಂತರ, ಅದೂ ಕೀಮೋ, ರೇಡಿಯೇಷನ್ ಲೆಕ್ಕ ನೋಡಿಕೊಂಡು. ರೇಡಿಯೇಷನ್ ಆಗಿದ್ದರೆ ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಮಾಂಸದಿಂದ ಮಾಡುವುದರ ಬಗ್ಗೆ ಮಾತಾಡಿ. ಅಲ್ಲಿಯ ತನಕ ಬ್ರಾ ಒಳಗೆ ಇಡುವ ಹಗುರ ಪ್ಯಾಡ್ ಸಿಗುತ್ತದೆ, ಗಾಯ ಪೂರ್ತಿ ಒಣಗಿದ ಮೇಲೆ ಬಳಸಿ.

ಹಂತ 9: ವರ್ಷ ಕಳೆದ ಮೇಲೆ ಊತ ಬಂದರೆ

ಸೋಂಕು ತಿಂಗಳುಗಳ, ವರ್ಷಗಳ ನಂತರವೂ ಬರಬಹುದು. ಮೈಯ ಬೇರೆ ಕಡೆಯ ಸೋಂಕು ರಕ್ತದ ಮೂಲಕ ಬಂದು ಕೂರಬಹುದು. ಆದರೆ ಇಂಪ್ಲಾಂಟ್ ಇಟ್ಟು ವರ್ಷ ದಾಟಿದ ಮೇಲೆ ಜ್ವರ ಇಲ್ಲದೆ ಒಂದು ಕಡೆ ಎದೆ ದಿಢೀರನೆ ಊದಿಕೊಂಡರೆ, ಅದನ್ನು ಸೋಂಕು ಅಂತ ಮಾತ್ರೆ ಕೊಟ್ಟು ಮುಗಿಸಬಾರದು. ಒರಟು ಮೇಲ್ಮೈ ಇರುವ ಇಂಪ್ಲಾಂಟ್‌ಗಳಲ್ಲಿ ಬಹಳ ಅಪರೂಪವಾಗಿ ಲಿಂಫೋಮಾ ಅನ್ನುವ ಕ್ಯಾನ್ಸರ್ ಹೀಗೆ ಶುರುವಾಗುತ್ತದೆ. ಇದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಮಾದರಿಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಊತದ ನೀರನ್ನು ಸೋನೋಗ್ರಫಿಯಲ್ಲಿ ತೆಗೆದು ಕಲ್ಚರ್ ಜೊತೆಗೆ ಈ ಲಿಂಫೋಮಾ ಪತ್ತೆಹಚ್ಚುವ ಸಿಡಿ30 ಪರೀಕ್ಷೆಗೂ ಕಳಿಸಬೇಕು. ಹಳೇ ಕ್ಯಾನ್ಸರ್ ಮರಳಿದಾಗಲೂ ಚರ್ಮ ಕೆಂಪಾಗಬಹುದು, ಆಂಟಿಬಯಾಟಿಕ್‌ಗೆ ಇಳಿಯದ ಕೆಂಪಿಗೆ ಬಯಾಪ್ಸಿ ಕೇಳಿ.

ನಿಮ್ಮದು ಯಾವ ಮಾದರಿ ಅಂತ ಗೊತ್ತಿಲ್ಲದೆ ಕಾರ್ಡ್ ಕಳೆದುಹೋಗಿದ್ದರೆ, ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಕೇಸ್ ನಂಬರ್ ಕೊಟ್ಟು ಆಪರೇಷನ್ ನೋಟ್ಸ್ ಪ್ರತಿ ಕೇಳಿ. ಇಂಪ್ಲಾಂಟಿನ ಸ್ಟಿಕರ್ ಸಾಮಾನ್ಯವಾಗಿ ಅದರ ಜೊತೆಗೇ ಅಂಟಿಸಿರುತ್ತಾರೆ.